ಗರಗಸದ ಪಾಲು

"ಈ ಗರಗಸ ಎಲ್ಲಿಂದ ಬಂತು?"

ಲೆಕ್ಕದ ಟೀಚರ್ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿದರು. ಕೆಂಪು ಶಾಯಿಯ ಗೀಟು ಹಾಳೆಯ ಹಿಂಬದಿಗೂ ಮೂಡಿತ್ತು. ಪ್ರಶ್ನೆಯೇನೂ ಕಬ್ಬಿಣದ ಕಡಲೆಯಲ್ಲ. ನಾಲ್ಕು ಮೀಟರ್ ಹಲಗೆಯನ್ನು ಎಂಟು ಸಮ ತುಂಡು ಮಾಡಿದರೆ ಒಂದರ ಉದ್ದವೆಷ್ಟು? ಕೊನೆಯ ಬೆಂಚಿನ ತೂಕಡಿಕೆ ವೀರನೂ ಐವತ್ತು ಸೆಂಟಿಮೀಟರ್ ಎಂದು ಬರೆದಿದ್ದ. ಬಡಗಿಯ ಮಗಳು ಮಾತ್ರ ಮೊದಲು ಇಪ್ಪತ್ತೊಂದು ಮಿಲಿಮೀಟರ್ ಕಳೆದು, ಆಮೇಲೆ ಭಾಗಿಸಿದ್ದಳು.

"ಎಂಟು ತುಂಡಿಗೆ ಏಳು ಸಲ ಕೊಯ್ಯಬೇಕು ಟೀಚರ್. ಪ್ರತಿ ಸಲ ಮೂರು ಮಿಲಿಮೀಟರ್ ಪುಡಿಯಾಗಿ ಹೋಗುತ್ತೆ. ಅಪ್ಪ ಅದನ್ನ ಗರಗಸದ ಪಾಲು ಅಂತಾರೆ."

"ಪುಸ್ತಕದಲ್ಲಿ ಗರಗಸ ಇದೆಯಾ?"

"ಇಲ್ಲ."

"ಹಾಗಾದ್ರೆ ನಿನ್ನ ತಲೆಯಲ್ಲೂ ಇರಬಾರದು. ಎ ಪ್ಲಸ್‌ಗೆ ತೊಂಬತ್ತೇಳು ಬೇಕು. ಮೂರು ಸಲವೂ ತೊಂಬತ್ತಾರಕ್ಕೆ ನಿಂತಿದ್ದೀಯ. ದೊಡ್ಡ ಪರೀಕ್ಷೆಯಲ್ಲೂ ಹೀಗೇ ಮಾಡು, ಆಮೇಲೆ ಜೀವಮಾನವೆಲ್ಲ ಮರದ ಪುಡಿ ಗುಡಿಸಿಕೊಂಡಿರು."

ಮಾತು ಒರಟಾಗಿತ್ತು, ಸುಳ್ಳಾಗಿರಲಿಲ್ಲ. ತಾಂತ್ರಿಕ ಶಾಲೆಯಲ್ಲಿ ಊಟ, ವಸತಿ, ಓದು ಎಲ್ಲ ಉಚಿತ. ಆದರೆ ಲೆಕ್ಕದಲ್ಲಿ ಎ ಪ್ಲಸ್ ಇಲ್ಲದವರ ಅರ್ಜಿಯನ್ನು ಅಲ್ಲಿ ತೆರೆದೂ ನೋಡುವುದಿಲ್ಲ. ಮನೆಯಲ್ಲಿ ಇರುವುದು ಅಪ್ಪ, ಮಗಳು ಇಬ್ಬರೇ. ಅಪ್ಪನ ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿತ್ತು. ಇದಕ್ಕೆ ಔಷಧಿಯಿಲ್ಲ, ಇನ್ನೊಂದು ವರ್ಷ ಕಂಡರೆ ಹೆಚ್ಚು ಎಂದು ವೈದ್ಯರು ಕೈಚೆಲ್ಲಿದ್ದರು. ಅವಳಿಗೆ ಹೆದರಿಕೆಯಾಗಿತ್ತು. ರಾತ್ರಿ ಹಗಲು ಆ ಒಂದು ಅಂಕದ್ದೇ ಹೆದರಿಕೆ.

ಬಡಗಿ ಮಾಡುತ್ತಿದ್ದದ್ದು ಏಣಿಗಳನ್ನು ಮಾತ್ರ. ಅಳತೆಪಟ್ಟಿಯ ಸಣ್ಣ ಗೆರೆಗಳು ಕಾಣದಾದ ಮೇಲೆ ಲೆಕ್ಕ ಹಾಕುವುದೂ, ಕೊಯ್ಯುವಾಗ ಪಟ್ಟಿಯ ತುದಿ ತಾಗಿ ನಿಲ್ಲುವ ಅಡ್ಡಗಟ್ಟಿಯನ್ನು ಗರಗಸದಿಂದ ಎಷ್ಟು ದೂರ ಇಡಬೇಕೆಂದು ಚೀಟಿಯಲ್ಲಿ ದಪ್ಪಗೆ ಬರೆದಿಡುವುದೂ ಮಗಳ ಕೆಲಸ. ಮೇಜಿನ ಅಂಚಿಗೆ ಕೊರೆದ ಗುರುತುಗಳನ್ನು ಬೆರಳಿನಿಂದ ಎಣಿಸಿ, ಅಷ್ಟು ದೂರಕ್ಕೆ ಅವನು ಗಟ್ಟಿಯನ್ನು ಬಿಗಿಯುತ್ತಿದ್ದ. ಮರದ ಪಟ್ಟಿಯನ್ನು ಅದಕ್ಕೆ ತಾಗಿಸಿ ಕೊಯ್ಯುವುದು, ತುಂಡಿನ ಎರಡು ತುದಿಗಳನ್ನೂ ಕಂಬಗಳ ಗುಳಿಗೆ ಬಡಿಯುವುದು, ಮತ್ತೆ ತಾಗಿಸುವುದು. ಒಂದು ಕೊಯ್ದು ಒಂದು ಬಡಿಯುವುದೇ ಅವನ ಪದ್ಧತಿ. ಕೊನೆಯದನ್ನು ಗಟ್ಟಿಗೆ ತಾಗಿಸುತ್ತಲೂ ಇರಲಿಲ್ಲ. ಪಟ್ಟಿಯಲ್ಲಿ ಉಳಿದದ್ದೇ ಏಣಿಯ ಮೇಲಿನ ಮೆಟ್ಟಿಲು; ಲೆಕ್ಕ ಸರಿಯಿದ್ದರೆ ಅದೂ ಮಿಕ್ಕವುಗಳಷ್ಟೇ ಉದ್ದ. ಗುಳಿಯೊಳಗೆ ಹೆಬ್ಬೆರಳಗಲ ಹೂತ ಮೆಟ್ಟಿಲು ಆನೆ ನಿಂತರೂ ಅಲುಗದು ಎಂದು ಅವನಿಗೆ ಜಂಬ. ಗಿರಾಕಿಯ ಎದುರೇ ಹತ್ತಿ, ಮೇಲಿನ ಮೆಟ್ಟಿಲ ಮೇಲೆ ನಿಂತು, ಎರಡೂ ಕೈ ಬಿಟ್ಟು ತೋರಿಸುತ್ತಿದ್ದ.

"ನಾನು ಹತ್ತದ ಏಣೀನ ಇನ್ನೊಬ್ರಿಗೆ ಕೊಡಲ್ಲ" ಎನ್ನುತ್ತಿದ್ದ.

ಟೀಚರ್ ಹೇಳಿದ್ದನ್ನು ಕೇಳಿ ಅವನು ನಗಲಿಲ್ಲ. ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಮಗಳಿಗೆ ತಾನೇ ಪ್ರಶ್ನೆ ಹಾಕತೊಡಗಿದ.

"ಎರಡು ಮೀಟರ್ ಕೋಲು, ಐದು ತುಂಡು?"

"ನಲವತ್ತು... ಅಲ್ಲ, ನಾಲ್ಕು ಸಲ ಕೊಯ್ದ್ರೆ..."

ಟಣ್ ಎಂದು ಚಮಚದಿಂದ ತಟ್ಟೆಗೆ ಬಡಿಯುತ್ತಿದ್ದ. "ಮತ್ತೆ ಗರಗಸ ಹಿಡ್ಕೊಂಡು ಬಂದ್ಯಾ? ಅದು ನನ್ನ ಹೊಟ್ಟೆಪಾಡು ಕಣೇ, ನಿಂದಲ್ಲ. ಮರೆತುಬಿಡು."

ಎರಡು ತಿಂಗಳು ತಟ್ಟೆ ಹೀಗೆ ಏಟು ತಿಂದಿತು. ಅಂಚು ನಗ್ಗಿಹೋಯಿತು. ಹಾಸಿಗೆಯಲ್ಲೂ ಅವಳು ಕಣ್ಣು ಮುಚ್ಚಿ ಹಲಗೆ, ಸರಳು, ಕೊಳವೆಗಳನ್ನು ಪುಡಿಯಿಲ್ಲದೆ, ಸದ್ದಿಲ್ಲದೆ ತುಂಡರಿಸುತ್ತಿದ್ದಳು. ಆದರೂ ಪರೀಕ್ಷೆಯ ಹಿಂದಿನ ದಿನ ನಾಲಿಗೆ ಒಮ್ಮೆ ತಡವರಿಸಿತು. ತಟ್ಟೆ ಮತ್ತೆ ಟಣ್ ಎಂದಿತು. ಅವಳು ಅತ್ತೇಬಿಟ್ಟಳು.

ಪರೀಕ್ಷೆಯ ಬೆಳಗ್ಗೆ ಅಪ್ಪ ಕೆಳಗೆ ಅಂಗಳದ ಕೆಲಸದ ಮೇಜಿನ ಬಳಿಯಿಂದ ಕೂಗಿದ. "ಹೋಗೋ ಮುಂಚೆ ಚೀಟಿ ಬರೆದಿಡೇ. ಸಂಜೆ ಏಣಿಗೆ ಪೇಂಟರ್ ಬರ್ತಾನೆ."

ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡಿದ್ದವಳು ಕುಂಟುತ್ತ ಇಳಿದು ಬಂದಳು. ಬಾಯಲ್ಲಿ ಸೂತ್ರ, ಕೈಯಲ್ಲಿ ಪೆನ್ಸಿಲ್. ಬರೆದು ಮೇಜಿನ ಮೊಳೆಗೆ ಚುಚ್ಚಿದಳು.

"ಇವತ್ತು ಇಷ್ಟು ಬೇಗ ಮುಗೀತಾ?"

"ಸುಲಭ ಇತ್ತಪ್ಪ."

ಅವನು ಅವಳ ನೆತ್ತಿಯ ಮೇಲೆ ಕೈಯಿಟ್ಟ. "ಹುಷಾರು. ಗರಗಸ ಬಂದೀತು."

ಅದು ಬಂದದ್ದು ಕೊನೆಯ ಪುಟದಲ್ಲಿ. ಆರು ಮೀಟರ್ ಕೊಳವೆ, ಹನ್ನೆರಡು ಸಮ ತುಂಡು, ನಾಲ್ಕು ಅಂಕ. ಇವಳ ಪೆನ್ನು ತಡೆಯಲೇ ಇಲ್ಲ. ಐವತ್ತು ಸೆಂಟಿಮೀಟರ್ ಎಂದು ಬರೆದು ಅಡಿಗೆರೆ ಎಳೆದಾಗಲಷ್ಟೇ ತಾನೇನು ಗೆದ್ದೆನೆಂದು ಅವಳಿಗೆ ಹೊಳೆಯಿತು. ಉಳಿದ ಉತ್ತರಗಳನ್ನು ಎರಡು ಸಲ ತಾಳೆ ನೋಡಿದಳು. ಒಂದೂ ತಪ್ಪಿಲ್ಲ. ಹೊರಗೆ ಬಾಗಿಲಲ್ಲಿ ಟೀಚರ್ ಕಾದಿದ್ದರು. ಪ್ರಶ್ನೆಪತ್ರಿಕೆ ಕಸಿದು, ಪಕ್ಕದಲ್ಲಿ ಇವಳು ಗೀಚಿಕೊಂಡಿದ್ದ ಉತ್ತರಗಳ ಮೇಲೆ ಬೆರಳಾಡಿಸಿದರು.

"ಎ ಪ್ಲಸ್" ಎಂದರು. ಅವರ ಕಣ್ಣೂ ತುಂಬಿತ್ತು. "ಓಡು, ಅಪ್ಪನಿಗೆ ಹೇಳು."

ಅವಳು ಓಡಿದಳು. ಚೀಲ ಬೆನ್ನಿಗೆ ಬಡಿಯುತ್ತಿತ್ತು, ಒಂದು ಬೂಟಿನ ದಾರ ಬಿಚ್ಚಿತ್ತು. ಮನೆಯ ಕಲ್ಲುಹಾಸಿನ ಅಂಗಳದಲ್ಲಿ ಪೇಂಟರ್ ತಲೆಯೆತ್ತಿ ನಿಂತಿದ್ದ. ಗೋಡೆಗೆ ಒರಗಿಸಿದ್ದ ಹೊಸ ಏಣಿಯ ಮೇಲೆ ಅಪ್ಪ ಆಗಲೇ ಛಾವಣಿಯ ಸಮಕ್ಕೆ ಏರಿದ್ದ.

"ಅಪ್ಪಾ! ಎ ಪ್ಲಸ್!" ಅವಳು ಕೆಲಸದ ಮೇಜಿಗೆ ಕೈಯೂರಿ ಏದುಸಿರು ಬಿಟ್ಟಳು. "ಗರಗಸ ನೆನಪೇ ಆಗ್ಲಿಲ್ಲ ಅಪ್ಪಾ! ಬೆಳಗ್ಗೆ ಎದ್ದಾಗಿನಿಂದ ಒಂದು ಸಲಾನೂ ನೆನಪಾಗ್ಲಿಲ್ಲ!"

"ನೋಡಿದ್ಯೇನಯ್ಯಾ, ನನ್ನ ಮಗಳು!" ಅಪ್ಪ ಕೆಳಗಿದ್ದ ಪೇಂಟರ್‌ಗೆ ಕೂಗಿ ಹೇಳಿದ. ನಗುತ್ತ ಮೇಲಿನ ಮೆಟ್ಟಿಲಿಗೆ ಕಾಲಿಟ್ಟು, ಎರಡೂ ಕೈ ಬಿಟ್ಟ.

ಅವಳ ಅಂಗೈ ಪಕ್ಕದಲ್ಲೇ, ಮೊಳೆಗೆ ಚುಚ್ಚಿದ್ದ ಚೀಟಿಯಲ್ಲಿ, ಅವಳದೇ ದಪ್ಪ ಅಕ್ಷರಗಳು: ಮೂರು ಮೀಟರ್ ಪಟ್ಟಿ, ಹತ್ತು ಮೆಟ್ಟಿಲು, ಒಂದಕ್ಕೆ ಸರಿಯಾಗಿ ಮೂವತ್ತು ಸೆಂಟಿಮೀಟರ್.