ಮನೆ ಗುಂಯ್‌ಗುಟ್ಟುವ ಮುಹೂರ್ತ

ಒಲೆಯ ಮೇಲಿನ ಹಾಲು ಉಕ್ಕಿತ್ತು. ಗುರುಪಾದನ ಹೊಸ ಮನೆ ಮಾತ್ರ ಇನ್ನೂ ಗುಂಯ್‌ಗುಟ್ಟಿರಲಿಲ್ಲ. ಗೋಡೆಯೊಳಗಿನ ಆಸಿಲೇಟರ್ ಎಂಬ ಕಂಪನಯಂತ್ರ ಎದ್ದು ಗುಂಯ್‌ಗುಟ್ಟದೆ ಯಾವ ಮನೆಯಲ್ಲೂ ದೀಪ ಹತ್ತುವುದಿಲ್ಲ. ಮುಹೂರ್ತ ಮೀರಿದರೆ ಮತ್ತೆ ಬಾಡಿಗೆ ಮನೆಯೇ ಗತಿ. ನೆಂಟರೆಲ್ಲ ಭಕ್ತಿಯಿಂದ ಉಸಿರು ಬಿಗಿಹಿಡಿದು ನಿಂತಿದ್ದರು.

"ತಂತಿ ಸುರುಳಿ ಯಂತ್ರ ಹಾಕಿಸಿದ್ರ ಜಲ್ದಿ ಏಳತಿತ್ತು. ಈ ಹರಳಿಂದು ಭಾಳ ಬಿಗುಮಾನದ್ದು," ಎಂದು ಗುರುಪಾದನ ಮಾವ ಪಿಸುಗುಟ್ಟಿದರು.

ಗುರುಪಾದನ ಹೆಂಡತಿ ನೀಲಾ ಹಣೆ ಚಚ್ಚಿಕೊಂಡಳು. "ಅಯ್ಯ, ಹಿಂಗ ಎಲ್ಲಾರೂ ಸುಮ್ನ ನಿಂತ್ರ ಅದು ಏನ ಹಿಡಕೊಂಡು ಏಳಬೇಕ್ರಿ? ಒಂಚೂರು ಗದ್ದಲ ಬೇಕು. ಆ ಗದ್ದಲಾನ ಅದು ತನಗ ತಾನ ತಿರುಗಿ ತಿರುಗಿ ಹೇಳ್ಕೋತ ಬೆಳಸ್ತೈತಿ. ದೊಡ್ಡವ್ವನ್ನ ಕರೀರಿ!"

ಬಾಯಿ ಜೋರೆಂದು ಶಾಂತವ್ವ ದೊಡ್ಡವ್ವನನ್ನು ಗುರುಪಾದನೇ ಹೊರಗೆ ಚಪ್ಪರದಲ್ಲಿ ಕೂರಿಸಿ ಬಂದಿದ್ದ. ಈಗ ಕೈಮುಗಿದು ಕರೆತಂದ.

"ಈಗ ನೆನಪಾತೇನೋ ನನ್ನ?" ಹೊಸ್ತಿಲಲ್ಲೇ ಅವಳು ಶುರುಮಾಡಿದಳು. "ಬಾಗಲಾ ಸೊಟ್ಟ, ಹೋಳಿಗ್ಯಾಗ ಬೆಲ್ಲಾ ಕಡಿಮಿ..."

ಗೋಡೆ ಸಣ್ಣಗೆ ಗುನುಗಿತು. ತನ್ನ ಗುನುಗನ್ನು ತಾನೇ ಕೇಳಿ, ಅದೇ ತಾಳಕ್ಕೆ ಮತ್ತಷ್ಟು ಜೋರಾಗಿ ಗುನುಗಿತು. ಗುಂಯ್! ದೀಪಗಳೆಲ್ಲ ಒಮ್ಮೆಲೇ ಹತ್ತಿದವು, ನೆಂಟರು ಕೇಕೆ ಹಾಕಿದರು.

"ಸಾಕ ದೊಡ್ಡವ್ವಾ, ಮನಿ ಎದ್ದೈತಿ!" ಗುರುಪಾದ ನಗುತ್ತ ಅವಳ ಕಾಲಿಗೆ ಬಿದ್ದ.

"ಎದ್ದರ ಏಳಲಿ. ಸಾರಿನ ಸುದ್ದಿ ನಾ ಇನ್ನೂ ತಗದೇ ಇಲ್ಲ."