ಸಾಹೇಬರ ಮನೆಯ ಸ್ಟೋವ್

ನೆಲ ಕೊರೆದಲ್ಲೆಲ್ಲ ಪೆಟ್ರೋಲಿಯಂ ಸಿಗುವ ಆ ಜಿಲ್ಲೆಯಲ್ಲಿ ಹನ್ನೆರಡು ವರ್ಷಗಳಿಂದ ಒಂದು ಕಾನೂನಿತ್ತು. ಟ್ಯಾಂಕರಿನ ಸೀಮೆಎಣ್ಣೆ ಶುದ್ಧವೆಂದು ಸಹಿ ಹಾಕಿದ ಅಧಿಕಾರಿಯ ಮನೆಯ ಸ್ಟೋವ್ ಮೊದಲು ಉರಿಯಬೇಕು, ಆಮೇಲೆ ಊರಿನವು. ಎಲ್ಲರಿಗೂ ಕಾಣುವಂತೆ ಬಾಗಿಲು ತೆರೆದಿರಬೇಕು.

ಈವತ್ತೂ ಬೆಳಿಗ್ಗೆ ಓಣಿಯ ಹೆಂಗಸರು ತುಂಬಿದ ಡಬ್ಬಿ ಹಿಡಿದು ಇನ್‌ಸ್ಪೆಕ್ಟರ್ ಗುರುಸಿದ್ದಪ್ಪನ ಅಂಗಳದಲ್ಲಿ ಕೂತಿದ್ದರು. ಒಳಗೆ ಅವನ ಹೆಂಡತಿ ನೀಲಾಂಬಿಕೆ ಬತ್ತಿ ಏರಿಸಿ ಕಡ್ಡಿಪೆಟ್ಟಿಗೆ ತೆಗೆದುಕೊಂಡಳು. ಗುರುಸಿದ್ದಪ್ಪ ತಮ್ಮ ಸ್ಟೋವಿಗೆಂದೇ ಮಂಚದ ಕೆಳಗೆ ಬಚ್ಚಿಟ್ಟಿದ್ದ ಹಳೆಯ ಶುದ್ಧ ಎಣ್ಣೆಯ ಕ್ಯಾನು ಎಳೆದ. ಅದು ಹಗುರವಾಗಿ ಬಂತು.

“ಸ್ಟೋವಿಗೆ ಯಾವ ಎಣ್ಣಿ ಹಾಕಿದಿ?” ಎಂದು ಪಿಸುಗುಟ್ಟಿದ.

“ನಿಮ್ಮ ಹಳೇ ಎಣ್ಣಿ ಹೋದ ವಾರದ ಟ್ಯಾಂಕರಿಗೇ ಮುಗೀತಲ್ರಿ,” ಅವಳು ಎಂದಿನ ದನಿಯಲ್ಲೇ ಹೇಳಿದಳು. “ಇದು ಈಗ ತಂದದ್ದು. ನೀವ ಪರೀಕ್ಷಾ ಮಾಡಿ ಸಹಿ ಹಾಕೀರಲ್ಲ.”

ಪರೀಕ್ಷೆಯ ಯಂತ್ರ ಕೆಟ್ಟು ಮೂರು ತಿಂಗಳಾಗಿತ್ತು. ಸ್ಟೋವನ್ನೇ ಸಿಡಿಸುವ ಪೆಟ್ರೋಲ್ ಇದರಲ್ಲಿ ಎಷ್ಟು ಬೆರೆತಿದೆಯೋ ಅವನಿಗೂ ಗೊತ್ತಿರಲಿಲ್ಲ. ಮೇಲಿನವರು ಕೇಳಿದ್ದು ಸಹಿಯನ್ನಷ್ಟೇ.

ನೀಲಾಂಬಿಕೆ ಕಡ್ಡಿಯನ್ನು ಪೆಟ್ಟಿಗೆಗೆ ಒತ್ತಿದಳು. ಅವನು ಹಾರಿ ಅವಳ ಮಣಿಕಟ್ಟು ಹಿಡಿದ.

“ಹಚ್ಚಬ್ಯಾಡ.”

ಅಂಗಳದ ಹೆಂಗಸರೆಲ್ಲ ತೆರೆದ ಬಾಗಿಲಿನತ್ತ ತಿರುಗಿದರು. ಎದುರು ಮನೆಯ ಸಾತವ್ವ ಎದ್ದು ಬಂದು ತನ್ನ ಡಬ್ಬಿಯನ್ನು ಅವನ ಹೊಸ್ತಿಲ ಮೇಲಿಟ್ಟಳು.

“ಸಾಹೇಬ್ರ, ಹೋದ ತಿಂಗಳು ಈ ಸ್ಟೋವ್ ಉರಿಯೂದು ನೋಡೇ ನನ್ನ ಸೊಸಿ ಮನಿಗೆ ಹೋಗಿ ಕಡ್ಡಿ ಗೀರಿದ್ಲು,” ಎಂದಳು. “ಆವತ್ತ ಅಕಿ ಕೈ ಯಾಕ ಯಾರೂ ಹಿಡೀಲಿಲ್ಲ?”