ಈಶಾನ್ಯದ ನೀರು

ಕುಡಿಯುವ ನೀರಿನ ಲೋಟ ಪಕ್ಕದಲ್ಲಿದ್ದರೆ, ಇದನ್ನು ಓದಿ ಮುಗಿಸುವ ತನಕ ಅಲ್ಲೇ ಇರಲಿ...

ಹೊಳೆಯ ಹಿನ್ನೀರಿಗೆ ಊರು ಮುಳುಗಿತು. ಸರ್ಕಾರ ದಿಬ್ಬದ ಮೇಲೆ ಹೊಸ ಊರಿಗೆ ಜಾಗ ಕೊಟ್ಟಿತು. ಹಗ್ಗ ಹಿಡಿದು ಗೆರೆ ಎಳೆದಂತೆ, ಒಂದಕ್ಕೊಂದು ಅಂಟಿಕೊಂಡ ಸಣ್ಣ ಸಣ್ಣ ಸೈಟುಗಳು...

ಅಲ್ಲಿ ಮೊದಲು ಮನೆ ಕಟ್ಟಿದವನು ಗಿರಿಮಲ್ಲಪ್ಪ. ಹಳೇ ಊರಿನ ಹಿರಿಯ, ಅವನ ಮಾತನ್ನು ಯಾರೂ ದಾಟುತ್ತಿರಲಿಲ್ಲ. ಪೇಟೆಯಿಂದ ವಾಸ್ತು ನೋಡುವವರನ್ನು ಕರೆಸಿದ.

"ಈಶಾನ್ಯಕ್ಕೆ ನೀರು, ವಾಯವ್ಯಕ್ಕೆ ಪಾಯಖಾನೆ," ಎಂದರು ಅವರು.

ಸರಿ, ಉತ್ತರದ ಗೋಡೆಯ ಪೂರ್ವ ತುದಿಗೆ ನೆಲದೊಳಗೆ ನೀರಿನ ಟಾಕಿ ಆಯಿತು. ಪಶ್ಚಿಮ ತುದಿಗೆ ಪಾಯಖಾನೆಯ ಗುಂಡಿ. ಬಚ್ಚಲ ನೀರೂ ಅದಕ್ಕೇ. ಇಂಗಿ ಹೋಗಲಿ ಎಂದು ಸಂದು ಬಿಟ್ಟು ಕಲ್ಲು ಪೇರಿಸಿದರು, ತಳ ಹಾಕಲಿಲ್ಲ.

ಪಶ್ಚಿಮದ ಪಕ್ಕದ ಸೈಟು ನೀಲವ್ವನದು. ಮಗ ಸೊಸೆ ಕಬ್ಬು ಕಡಿಯಲು ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಮೊಮ್ಮಗಳು ಗೌರಾ ಅಜ್ಜಿಯ ಸೆರಗು ಹಿಡಿದೇ ಬೆಳೆಯುತ್ತಿದ್ದಳು.

"ಏನೋ ಅಣ್ಣಾ, ಹಳೇ ಊರಾಗ ತಂಬಿಗಿ ಹಿಡಕೊಂಡು ಕಂಟಿ ಮರಿಗೆ ಓಡತಿದ್ದಿ. ಈಗ ಅದಕ್ಕೂ ದಿಕ್ಕು ಬಂತೇನು?" ಎಂದು ನೀಲವ್ವ ನಕ್ಕಳು.

"ನಗಬ್ಯಾಡ ತಂಗಿ. ನಿನ್ನ ಮನಿಗೂ ಹಂಗ ಮಾಡು. ಟಾಕಿ ಈಶಾನ್ಯಕ್ಕ ತಗಿಸು. ನಾ ನಿನಗ ಕೆಟ್ಟದ್ದು ಹೇಳತೀನೇನು?"

ಅಷ್ಟೇ ಅಲ್ಲ, ತಾನೇ ಸುಣ್ಣದ ಪುಡಿ ಹಿಡಿದು ಹೋಗಿ ಅವಳ ಟಾಕಿಗೆ ಗೆರೆ ಹಾಕಿ ಬಂದ...

ನಳ ಬಂದಾಗ ತುಂಬಿಸಿಕೊಂಡ ನೀರು ಆ ಟಾಕಿಯಲ್ಲಿ ತಣ್ಣಗಿರುತ್ತಿತ್ತು. ಬೇಸಿಗೆಯಲ್ಲಿ ಎರಿಯ ಕಪ್ಪು ನೆಲ ಬಾಯಿ ಬಿಟ್ಟಿತು. ಟಾಕಿಯ ಸಿಮೆಂಟಿನ ಗಿಲಾಯಿಯೂ ಒಳಗೊಳಗೇ ಬಿರಿಯಿತು. ಯಾರಿಗೆ ಕಾಣಬೇಕು?

ಮಳೆಗಾಲಕ್ಕೆ ಗೌರಾಗೆ ಭೇದಿ ಹತ್ತಿತು. ನಿಂತಿತು. ಮತ್ತೆ ಹತ್ತಿತು... ದೀಪಾವಳಿ ಹೊತ್ತಿಗೆ ಹುಡುಗಿಯ ಕಣ್ಣುಗಳು ಹಳದಿಯಾಗಿದ್ದವು.

"ಕಾಮಣಿ ಆಗೇತಿ. ನೀರು ಕಾಯಿಸಿ ಕುಡೀಬೇಕಂತ ಡಾಕ್ಟರು," ಎಂದಳು ನೀಲವ್ವ.

"ಈಶಾನ್ಯದ ನೀರು ಕಾಯಿಸಬೇಕಂತೇನು? ಗಂಗವ್ವ ಇದ್ದಾಳ ಅದರಾಗ! ದೋಷ ನಿನ್ನ ಅಡಿಗಿಮನಿ ಕಿಟಕಿಯೊಳಗೈತಿ," ಎಂದ ಗಿರಿಮಲ್ಲಪ್ಪ.

ಕಿಟಕಿಗೆ ಇಟ್ಟಿಗೆ ಇಟ್ಟು ಮುಚ್ಚಿಸಿದ. ಗಾಳಿ ನಿಂತಿತು. ಒಲೆಯ ಹೊಗೆ ಮನೆಯಲ್ಲೇ ಸುತ್ತತೊಡಗಿತು...

"ಮುತ್ಯಾ, ನಮ್ಮ ಮನಿ ಯಾಕ ಕತ್ತಲಾತು?" ಎಂದು ಗೌರಾ ಕೇಳಿದಳು.

ಅವನು ಕೈಗೆ ಬೆಲ್ಲದ ಚೂರು ಕೊಟ್ಟು, "ಎಲ್ಲಾ ಚಲೋ ಆಕ್ಕೈತಿ ನನ್ನವ್ವ," ಎಂದ.

ಚಲೋ ಆಗಲಿಲ್ಲ. ಕಾಮಣಿ ಇಳಿದರೂ ಭೇದಿ ಬಿಡಲಿಲ್ಲ. ಹೋಳಿ ಹುಣ್ಣಿಮೆ ಬರುವಷ್ಟರಲ್ಲಿ ಗೌರಾ ಹಾಸಿಗೆಯಿಂದ ಏಳುವುದನ್ನೇ ಬಿಟ್ಟಿದ್ದಳು.

ಓಣಿ ತುಂಬ ಬಣ್ಣ. ಎಲ್ಲರದೂ ಕೆಂಪು, ಹಸಿರು. ನೇರಳೆ ಬಣ್ಣ ತಂದವನು ಗಿರಿಮಲ್ಲಪ್ಪನ ಮಗ ಒಬ್ಬನೇ... ಅಪ್ಪನನ್ನೂ ಬಿಡಲಿಲ್ಲ. ಸಂಜೆ ಮನೆಮಂದಿಯೆಲ್ಲ ತಿಕ್ಕಿ ತಿಕ್ಕಿ ಮೈ ತೊಳೆದರು. ಬಚ್ಚಲು ತುಂಬಿ ಹರಿಯಿತು.

ಮಾರನೇ ದಿನ ಮುಂಜಾನೆ ನೀಲವ್ವನ ಚೀರಾಟಕ್ಕೆ ಓಣಿಯೇ ಓಡಿ ಬಂತು.

ಟಾಕಿಯಿಂದ ಎತ್ತಿದ ಅವಳ ಕೊಡದ ನೀರು ತಿಳಿ ನೇರಳೆ...

"ಮುಳುಗಿದ ಊರಿನ ದೇವಿ ಸಿಟ್ಟಾಗ್ಯಾಳ," ಎಂದಿತು ಗುಂಪಿನಲ್ಲೊಂದು ದನಿ. "ಹೌದಿಲ್ಲೋ ಹಿರ್ಯಾ? ನೀ ಹೇಳಿದ್ರ ಉಡಿ ತುಂಬೂಣು."

ಎಲ್ಲರೂ ಗಿರಿಮಲ್ಲಪ್ಪನ ಮುಖ ನೋಡಿದರು. ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು. ಹಿರಿತನ ಉಳಿಯುತ್ತಿತ್ತು.

ಅವನು ತನ್ನ ಉಗುರು ನೋಡಿಕೊಂಡ. ಸಂದಿಯಲ್ಲಿ ಇನ್ನೂ ಅದೇ ಬಣ್ಣ... ಗೋಡೆ ನೋಡಿದ. ಗೋಡೆಯ ಈಚೆ ಅವಳ ಟಾಕಿ. ಆಚೆ, ಒಂದು ಮಾರು ದೂರವೂ ಇಲ್ಲ, ತನ್ನ ಗುಂಡಿ.

ಬಣ್ಣ ಬಂದದ್ದು ನಿನ್ನೆ. ಉಳಿದದ್ದು ಎಂದಿನಿಂದ ಬರುತ್ತಿತ್ತೋ...

"ದೇವಿ ಅಲ್ಲ," ಎಂದ. "ಇದು ನಮ್ಮ ಬಚ್ಚಲದ ನೀರು. ನಮ್ಮ ಹೇಲಗುಂಡೀದು... ಈ ಕೂಸಿಗೆ ಕುಡಿಸಿದಾಂವ ನಾನು."

ಆಸ್ಪತ್ರೆಗೆ ಹೋಗಲು ಯಾರೋ ಜೀಪು ತರಲು ಓಡಿದರು.

ಗೌರಾಳನ್ನು ಅವನೇ ಎತ್ತಿ ಜೀಪಿಗೆ ತಂದ. ಮಗು ಒಣಗಿದ ಕಬ್ಬಿನ ರವದಿಯಷ್ಟು ಹಗುರ. ಕಣ್ಣು ಬಿಟ್ಟು ಅವನನ್ನು ನೋಡಿತು, ಮುತ್ಯಾ ಅನ್ನಲಿಲ್ಲ.

ನೀಲವ್ವ ಬೈಯಲಿಲ್ಲ, ಅಳಲೂ ಇಲ್ಲ. ಜೀಪು ಹತ್ತುವಾಗ ಒಂದೇ ಮಾತು ಅಂದಳು:

"ನನ್ನ ಮನಿ ಮೂಲಿ ಮೂಲಿ ನೋಡಿದಿ ಅಣ್ಣಾ... ಗ್ವಾಡಿ ಆಚೆ ಏನೈತಿ ಅಂತ ಯಾಕ ನೋಡಲಿಲ್ಲ?"

ಜೀಪು ಹೋಯಿತು. ಗಿರಿಮಲ್ಲಪ್ಪ ಮುಖ ಒರೆಸಿಕೊಂಡು, ಗುಂಡಿಯ ಕಲ್ಲು ಕಿತ್ತೆಸೆಯಲು ಹಾರೆ ಹಿಡಿದು ತನ್ನ ಹಿತ್ತಿಲಿಗೆ ಬಂದ.

ಆಗ ಅವನ ಕಣ್ಣು ಪೂರ್ವದ ಗೋಡೆಯತ್ತ ಹೊರಳಿತು.

ಆ ಮನೆಯೂ ಅವನನ್ನೇ ನೋಡಿ ಕಟ್ಟಿದ್ದು. ಅವರ ವಾಯವ್ಯ... ಇವನ ಈಶಾನ್ಯಕ್ಕೆ ಅಂಟಿಕೊಂಡಿತ್ತು. ಅದರಾಚೆಯ ಮನೆಯೂ ಹಾಗೇ. ಅದರಾಚೆಯದೂ... ಓಣಿಯ ತುದಿಯ ತನಕ, ಒಬ್ಬರ ಗುಂಡಿ ಇನ್ನೊಬ್ಬರ ನೀರಿಗೆ ತಲೆ ಕೊಟ್ಟು ಮಲಗಿತ್ತು.

ಟಾಕಿಯ ಪಕ್ಕದಲ್ಲಿ ಅವನ ಬಸುರಿ ಸೊಸೆ ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದಳು.

"ಕುಡೀಬ್ಯಾಡವ್ವಾ!" ಎಂದು ಕೂಗಿದ. ಹಾರೆ ಕೈಯಿಂದ ಜಾರಿತು.

ಅವಳು ಖಾಲಿ ತಂಬಿಗೆ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಯಾಕ್ರೀ ಮಾವಾರ... ಏನಾತು?"


ಗೋಡೆ ಇರುವುದು ನೆಲದ ಮೇಲೆ ಮಾತ್ರ... ನೆಲದ ಕೆಳಗೆ ಎಲ್ಲರದೂ ಒಂದೇ ಮನೆ.

ನಿಮ್ಮ ಗೋಡೆಯ ಆಚೆ ಏನಿದೆ... ಒಮ್ಮೆಯಾದರೂ ಇಣುಕಿ ನೋಡಿದ್ದೀರಾ?